ಅಪ್ಪನ ತೂಕ ಏರಿದರೆ ಫೋನ್ ಮಾಡುವವರು ಯಾರು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ಅಪ್ಪ, ಅವ್ವ ಇಬ್ಬರೇ ನಾಪೋಕ್ಲು ಹತ್ತಿರದ ತೋಟದ ಮನೆಯಲ್ಲಿದ್ದಾರೆ. ಅಪ್ಪನಿಗೆ 74 ವರ್ಷ. ಹಾರ್ಟ್ ಅಟ್ಯಾಕ್ ಆದ ಮೇಲೆ ಹೃದಯದ ಪಂಪಿಂಗ್ ಕಡಿಮೆಯಾಗಿದೆ. ಹೋದ ಮಳೆಗಾಲದಲ್ಲಿ ಎರಡು ಸಲ ಉಸಿರು ಕಟ್ಟಿ ಅಡ್ಮಿಟ್ ಮಾಡಬೇಕಾಯಿತು. ಬಿಪಿ, ಆಕ್ಸಿಜನ್, ಇಸಿಜಿ, ತೂಕ ಎಲ್ಲ ಅಳೆದು ನನ್ನ ಮೊಬೈಲಿಗೇ ಕಳಿಸುವ ಕಿಟ್ ಬಂದಿದೆಯಂತೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ತರಿಸಬಹುದೇ?

ಉತ್ತರ: ತರಿಸಬಹುದು. ಆದರೆ ದುಡ್ಡು ಕಟ್ಟುವ ಮೊದಲು ಕಂಪನಿಯವರನ್ನು ಒಂದು ಮಾತು ಕೇಳಿ. ಬೆಳಗ್ಗೆ ಏಳಕ್ಕೆ ಅಪ್ಪನ ತೂಕ ಏರಿದ್ದು ಕಂಡರೆ, ಆ ದಿನವೇ ಅವರಿಗೆ ಫೋನ್ ಮಾಡುವವರು ಯಾರು? ಡಾಕ್ಟರೋ, ನರ್ಸೋ? ಅಥವಾ ನಿಮ್ಮ ಮೊಬೈಲಿಗೆ ಒಂದು ಮೆಸೇಜ್ ಬಂದು ಅಲ್ಲಿಗೇ ಮುಗಿಯುತ್ತದೆಯೋ?

ಇದನ್ನೇ ಹಿಡಿದು ಹೇಳಲು ಕಾರಣವಿದೆ. ಅಮೆರಿಕದಲ್ಲಿ ನಡೆದ ಟೆಲಿ-ಎಚ್‌ಎಫ್ ಎಂಬ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ನಿಮ್ಮ ಅಪ್ಪನಂತೆ ಹೃದಯ ಸೋತ, ಅಂದರೆ ಹಾರ್ಟ್ ಫೇಲ್ಯೂರ್ ಆದ 1,653 ಮಂದಿ ಅದರಲ್ಲಿದ್ದರು. ಅವರಲ್ಲಿ ಅರ್ಧದಷ್ಟು ಜನ ದಿನಾ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟ ದನಿಗೆ ತಮ್ಮ ತೂಕ, ತೊಂದರೆ ತಿಳಿಸಬೇಕಿತ್ತು. ಆರು ತಿಂಗಳಾದರೂ ಅವರು ಆಸ್ಪತ್ರೆ ಸೇರುವುದೂ ತಪ್ಪಲಿಲ್ಲ, ಸಾವೂ ಕಡಿಮೆಯಾಗಲಿಲ್ಲ. ಕೊನೆಕೊನೆಗೆ ಸುಮಾರು ಅರ್ಧ ಜನ ಮಾತ್ರ ವಾರಕ್ಕೆ ಮೂರು ಸಲವಾದರೂ ಕರೆ ಮಾಡುತ್ತಿದ್ದರು. ಜರ್ಮನಿಯಲ್ಲಿ 2018ರಲ್ಲಿ ಬಂದ ಟಿಮ್-ಎಚ್‌ಎಫ್2 ಅಧ್ಯಯನದ ಫಲಿತಾಂಶ ಬೇರೆ. ಅಲ್ಲಿ ತೂಕ, ಬಿಪಿ, ಇಸಿಜಿ, ಆಕ್ಸಿಜನ್ ದಿನಾ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಗೆ ಹೋಗುತ್ತಿತ್ತು, ಅಲ್ಲಿ ಹಗಲೂ ರಾತ್ರಿ ಡಾಕ್ಟರು, ನರ್ಸುಗಳು ಕೂತು ನೋಡುತ್ತಿದ್ದರು. ಇಂಥ ನಿಗಾ ಇಲ್ಲದವರಿಗೆ ಹೃದಯದ ತೊಂದರೆಯಿಂದ ದಿಢೀರ್ ಆಸ್ಪತ್ರೆ ಸೇರಿದ್ದರಿಂದಲೋ ಸಾವಿನಿಂದಲೋ ವರ್ಷಕ್ಕೆ ಸರಾಸರಿ 24 ದಿನ ಕಳೆದುಹೋದರೆ, ನಿಗಾ ಇದ್ದವರಿಗೆ ಅದು 18 ದಿನ. ಸಾವೂ ಕಡಿಮೆಯಾಯಿತು.

ನಿಮ್ಮ ಅಪ್ಪನ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಬೇಕಾಗಿರುವುದು ತೂಕ. ಹೃದಯ ಸೋತಾಗ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ. ಎಷ್ಟೋ ಸಲ ಉಸಿರು ಕಟ್ಟುವ ಕೆಲವು ದಿನ ಮೊದಲೇ ತೂಕ ಏರಲು ಶುರುವಾಗಿರುತ್ತದೆ. ನನ್ನ ಹತ್ತಿರ ಬರುವ ಹಿರಿಯರೊಬ್ಬರ ಮನೆಯಲ್ಲಿ ಅಡುಗೆಮನೆ ಬಾಗಿಲ ಹಿಂದೆ ಕ್ಯಾಲೆಂಡರ್ ಇದೆ. ದಿನದ ಚೌಕದೊಳಗೆ ಅವರ ಮನೆಯವರು ಪೆನ್ಸಿಲಿನಲ್ಲಿ ತೂಕ ಬರೆಯುತ್ತಾರೆ. ಪುತ್ತರಿ ಹಬ್ಬದ ಮಾರನೆಯ ದಿನದಿಂದ 61.2, 61.9, 62.6, 63.4 ಎಂದು ಏರುತ್ತಾ ಹೋಗಿತ್ತು. ಪಂದಿ ಕರಿ, ಉಪ್ಪಿನಕಾಯಿ, ನೆಂಟರು, ಊಟ. ಆ ತಾಯಿ ನಾಲ್ಕನೆಯ ಚೌಕ ಬರೆದು ನನಗೆ ಫೋನ್ ಮಾಡಿದರು. ಕಾಲಿನಲ್ಲಿ ಸಾಕ್ಸಿನ ಗುರುತು ಆಳವಾಗಿ ಬಿದ್ದಿದೆ ಎಂದೂ ಹೇಳಿದರು. ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಇಳಿಸುವ ಮಾತ್ರೆ ಎರಡು ದಿನ ಹೆಚ್ಚಿಸಿದೆವು, ಅಡ್ಮಿಟ್ ಮಾಡುವುದು ತಪ್ಪಿತು. ಅಲ್ಲಿ ಇಂಟರ್ನೆಟ್ಟೇ ಇರಲಿಲ್ಲ. ನೋಡುವವರಿದ್ದರು, ಕರೆ ಎತ್ತುವವರಿದ್ದರು, ಅಷ್ಟೇ.

ಹಾಗಾಗಿ ಡಿಜಿಟಲ್ ತೂಕದ ಯಂತ್ರ ಮೊದಲು ಬರಲಿ. ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ಕಾಫಿ ಕುಡಿಯುವ ಮೊದಲು, ಹೆಚ್ಚುಕಡಿಮೆ ಒಂದೇ ಥರದ ಬಟ್ಟೆಯಲ್ಲಿ ನಿಲ್ಲಲಿ. ಯಂತ್ರ ಸಮತಟ್ಟಾದ ಸಿಮೆಂಟ್ ನೆಲದ ಮೇಲಿರಲಿ, ಚಾಪೆಯ ಮೇಲೆ ಬೇಡ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅವತ್ತೇ ಡಾಕ್ಟರಿಗೆ ತಿಳಿಸಬೇಕು. ಅಪ್ಪನಿಗೆ ಈ ಗಡಿ ಎಷ್ಟಿರಬೇಕೆಂದು ಅವರನ್ನು ನೋಡುವ ಡಾಕ್ಟರಿಂದಲೇ ಬರೆಸಿಕೊಳ್ಳಿ.

ಆಕ್ಸಿಜನ್ ನೋಡುವ ಕ್ಲಿಪ್ಪು ನಮ್ಮ ಊರಿನ ಜುಲೈ ತಿಂಗಳಲ್ಲಿ ಜನರನ್ನು ವೃಥಾ ಹೆದರಿಸುತ್ತದೆ. ಅದು ಕೆಂಪು ಮತ್ತು ಇನ್‌ಫ್ರಾರೆಡ್ ಎಂಬ ಎರಡು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ ರಕ್ತದ ಬಡಿತ ಹುಡುಕುತ್ತದೆ. ಬೆರಳು ಮರಗಟ್ಟಿದ್ದರೆ ಆ ಬಡಿತವೇ ಸರಿಯಾಗಿ ಸಿಗುವುದಿಲ್ಲ. 84 ತೋರಿಸಿದ್ದು, ಒಲೆ ಮುಂದೆ ಕೈ ಕಾಯಿಸಿಕೊಂಡು ಬಂದ ಮೇಲೆ 96 ತೋರಿಸಿದ್ದನ್ನು ನಾನೇ ಕಂಡಿದ್ದೇನೆ. ಕೈ ಬೆಚ್ಚಗೆ ಮಾಡಿ ಇನ್ನೊಮ್ಮೆ ನೋಡಲು ಅವ್ವನಿಗೆ ಹೇಳಿಕೊಡಿ. ಆದರೆ ಅಪ್ಪ ಏದುಸಿರು ಬಿಡುತ್ತಿದ್ದರೆ ಕೈ ಕಾಯಿಸುತ್ತಾ ಕೂರುವುದಲ್ಲ. ಎದೆನೋವು, ಮಲಗಿದರೆ ಉಸಿರು ಕಟ್ಟುವುದು, ತಲೆ ತಿರುಗಿ ಬೀಳುವುದು, ಇವು ಕಂಡರೆ ಯಂತ್ರ ಏನೇ ತೋರಿಸಲಿ, 108ಕ್ಕೆ ಕರೆ ಮಾಡಬೇಕು. ಮನೆಯ ಚಿಕ್ಕ ಇಸಿಜಿ ಯಂತ್ರ ಬಡಿತದ ತಾಳ ತಪ್ಪಿದ್ದನ್ನು ಹಿಡಿಯಬಲ್ಲದು. ಅದು 'ನಾರ್ಮಲ್' ಎಂದ ಮಾತ್ರಕ್ಕೆ ಹಾರ್ಟ್ ಅಟ್ಯಾಕ್ ಇಲ್ಲವೆಂದು ನಂಬಬೇಡಿ.

ಬಿಪಿಗೆ ತೋಳಿಗೆ ಸುತ್ತುವ ಪಟ್ಟಿಯೇ ಒಳ್ಳೆಯದು. ಐದು ನಿಮಿಷ ಸುಮ್ಮನೆ ಕೂತು ನೋಡಲಿ.

ಇನ್ನು ನೆಟ್‌ವರ್ಕ್. ಈ ಯಂತ್ರಗಳಲ್ಲಿ ಹೆಚ್ಚಿನವು ಬ್ಲೂಟೂತ್‌ನಲ್ಲಿ ಮೊಬೈಲಿಗೆ ಲೆಕ್ಕ ಕೊಡುತ್ತವೆ, ಮೊಬೈಲು ಅದನ್ನು ಇಂಟರ್ನೆಟ್ಟಿಗೆ ಕಳಿಸುತ್ತದೆ. ನಮ್ಮ ತೋಟದ ಮನೆಗಳ ಪಾಡು ನಿಮಗೆ ಗೊತ್ತು. ಸಿಗ್ನಲ್ ಸಿಗುವುದು ಕಾಫಿ ಕಣದ ಮೂಲೆಯಲ್ಲಿ, ಅಪ್ಪ ಮಲಗುವುದು ಒಳಕೋಣೆಯಲ್ಲಿ. ಆದ್ದರಿಂದ ಸಿಗ್ನಲ್ ಇಲ್ಲದಾಗ ಲೆಕ್ಕವನ್ನು ಒಳಗೇ ಉಳಿಸಿಕೊಂಡು, ಸಿಕ್ಕಾಗ ಕಳಿಸುವ ಯಂತ್ರವೇ ಆಗಬೇಕು. ಸೆಲ್ಲಿನಲ್ಲಿ ನಡೆಯುವಂಥದ್ದಾದರೆ ಕರೆಂಟಿನ ಚಿಂತೆ ಅಷ್ಟು ಕಡಿಮೆ. ಲೆಕ್ಕ ಬರದೇ ಹೋದ ದಿನ ಏನು ಮಾಡಬೇಕೆಂಬುದೂ ಮೊದಲೇ ಗೊತ್ತಾಗಿರಲಿ. ತೋಟದ ಕೆಲಸಗಾರರ ಲೈನ್ ಮನೆಯವರೋ ಪಕ್ಕದ ತೋಟದವರೋ ಒಮ್ಮೆ ಬಂದು ನೋಡಿ ಹೋಗಲು ಒಪ್ಪಿರಬೇಕು. ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲೇ ಊರಿಗೆ ಬಂದು ಒಂದು ವಾರ ಜೊತೆಗಿದ್ದು ಅಭ್ಯಾಸ ಮಾಡಿಸಿ.

ಅಪ್ಪನನ್ನು ಕೇಳಿದ್ದೀರಾ? ಪತ್ರದಲ್ಲಿ ಅದಿಲ್ಲ. ಅವರ ಮೈಯ ಲೆಕ್ಕ ಯಾರ್‍ಯಾರು ನೋಡಬೇಕೆಂದು ಹೇಳುವ ಹಕ್ಕು ಅವರದು. ಒಪ್ಪಿಸದೆ ಕಟ್ಟಿದ ಯಂತ್ರ ಹದಿನೈದು ದಿನದಲ್ಲಿ ಬೀರು ಸೇರುವುದನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ.

ಪ್ರಶ್ನೆ: ಚುಚ್ಚದೆಯೇ ಶುಗರ್ ತೋರಿಸುವ ವಾಚ್ ಅಮ್ಮನಿಗೆ ತರಿಸಲೇ? (ಸೋಮವಾರಪೇಟೆಯಿಂದ)

ಉತ್ತರ: ಬೇಡ. ಅಂಥ ವಾಚ್, ಉಂಗುರ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಔಷಧ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ತಪ್ಪು ಲೆಕ್ಕ ನಂಬಿ ಇನ್ಸುಲಿನ್ ಹೆಚ್ಚು ತೆಗೆದುಕೊಂಡರೆ ಪ್ರಾಣಕ್ಕೇ ಕುತ್ತು. ತೋಳಿಗೆ ಅಂಟಿಸುವ ಸೆನ್ಸರ್ ಬೇರೆ. ಅದರ ಕೂದಲೆಳೆಯಂಥ ತಂತಿ ಚರ್ಮದೊಳಗೆ ಇಳಿದಿರುತ್ತದೆ. ಅಮ್ಮ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅದರ ಬಗ್ಗೆ ಅವರ ಡಾಕ್ಟರನ್ನು ಕೇಳಿ. ಅಲ್ಲಿಯವರೆಗೆ ಗ್ಲುಕೋಮೀಟರ್ ಸಾಕು.