ತೋರಾ ಮಾಂಸ ತಿನ್ನು ಅನ್ನುತ್ತದಾ, ಬೇಡ ಅನ್ನುತ್ತದಾ?

ನೀವು ಕೇಳಿದ್ದು ಇಷ್ಟು: ಯೆಹೂದಿಗಳ ಪವಿತ್ರ ಗ್ರಂಥವಾದ ತೋರಾದಲ್ಲಿ ದೇವರಿಗೆ ಕುರಿ, ಹೋರಿ ಬಲಿ ಕೊಡುವ ವಿವರ ಪುಟಗಟ್ಟಲೆ ಇದೆ. ಪ್ರಾಣಿಗಳ ಮೇಲೆ ಕರುಣೆ ಇರಲಿ ಅಂತಲೂ ಅದೇ ತೋರಾ ಹೇಳುತ್ತದೆ. ಹಾಗಾದರೆ ಮಾಂಸ ತಿನ್ನುವುದು ಯೆಹೂದಿಗಳಿಗೆ ಪುಣ್ಯವೋ, ಪಾಪವೋ? ಸಸ್ಯಾಹಾರಿ ಯೆಹೂದಿ ಅಂತ ಇರಬಹುದಾ?

ನಾನು ರಬ್ಬಿ (ಯೆಹೂದಿ ಧರ್ಮಗುರು) ಅಲ್ಲ, ಯೆಹೂದಿಯೂ ಅಲ್ಲ. ಉಡುಪಿ ಕಡೆಯವಳು. ನಮ್ಮ ಕರಾವಳಿಯಿಂದ ಎಷ್ಟೋ ಜನ ಇಸ್ರೇಲಿಗೆ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಾರೆ. ನಾನೂ ಹಾಗೇ ಹೋಗಿ ಬ್ನೇ ಬ್ರಾಕ್ ಊರಿನ ಒಂದು ಮನೆಯಲ್ಲಿ ಐದು ವರ್ಷ ಇದ್ದೆ. ಅಜ್ಜಿ ಗಾಲಿಕುರ್ಚಿಯಲ್ಲಿದ್ದರು. ಅಜ್ಜ ನಿವೃತ್ತ ಮೇಷ್ಟ್ರು. ಅವರಿಗೆ ಪಾಠ ಕೇಳುವವರು ಬೇಕಿತ್ತು, ನನಗೆ ಹೀಬ್ರೂ ಕಲಿಯಬೇಕಿತ್ತು. ಹಾಗಾಗಿ ಈ ಪ್ರಶ್ನೆಯನ್ನು ನಾನೂ ಕೇಳಿದ್ದೇನೆ, ಬೇಕಾದಷ್ಟು ಬೈಸಿಕೊಂಡೂ ಇದ್ದೇನೆ.

ನನಗೆ ಅರ್ಥವಾದದ್ದು ಇದು. ತೋರಾದಲ್ಲಿ ಮಾಂಸಕ್ಕೆ ಒಪ್ಪಿಗೆ ಇದೆ. ಆದರೆ ಮಕ್ಕಳು ಹಟ ಹಿಡಿದಾಗ ಅಮ್ಮ "ಸರಿ, ಹೋಗು, ಆದರೆ ಕತ್ತಲಾಗುವ ಮೊದಲು ಬಾ" ಅನ್ನುತ್ತಾಳಲ್ಲ, ಆ ಥರದ ಒಪ್ಪಿಗೆ.

ತೋರಾದ ಮೊದಲ ಪುಸ್ತಕ ಆದಿಕಾಂಡ. ಅದರ ಮೊದಲ ಅಧ್ಯಾಯ ತೆಗೆದು ನೋಡಿ. ಮನುಷ್ಯನಿಗೆ ಊಟಕ್ಕೆ ಕೊಟ್ಟದ್ದು ಬೀಜ ಬಿಡುವ ಗಿಡ, ಹಣ್ಣು ಬಿಡುವ ಮರ. ಪ್ರಾಣಿಗಳಿಗೂ ಹಸಿರು ಸೊಪ್ಪೇ. ಆದಾಮನಿಗೆ ಮಾಂಸದ ಮಾತೇ ಇಲ್ಲ. ಒಂಬತ್ತನೇ ಅಧ್ಯಾಯದಲ್ಲಿ, ಜಲಪ್ರಳಯ ಇಳಿದ ಮೇಲೆ, ನೋಹನಿಗೆ ಮೊದಲ ಸಲ ಪ್ರಾಣಿಗಳನ್ನೂ ತಿನ್ನಬಹುದು ಅಂತ ಹೇಳಲಾಗುತ್ತದೆ. ಮರುವಾಕ್ಯದಲ್ಲೇ ಶರತ್ತು ಬರುತ್ತದೆ: ರಕ್ತದ ಸಮೇತ ತಿನ್ನಬೇಡ, ರಕ್ತ ಅಂದರೆ ಜೀವ. ಅಂದರೆ ಜಗತ್ತು ಕೆಟ್ಟು, ಮುಳುಗಿ, ಮತ್ತೆ ಶುರುವಾದ ಮೇಲೆ ಸಿಕ್ಕಿದ ರಿಯಾಯಿತಿ ಇದು.

ನಂತರದ ಹಂತ ನನಗೆ ಇನ್ನೂ ಕುತೂಹಲದ್ದು. ಇಸ್ರಾಯೇಲ್ಯರು ಮರುಭೂಮಿಯಲ್ಲಿದ್ದಾಗ ಹೋರಿ, ಕುರಿ, ಆಡು ಯಾವುದನ್ನು ಕಡಿದರೂ ದೇವರ ಗುಡಾರದ ಬಾಗಿಲಿಗೆ ತರಲೇಬೇಕಿತ್ತು. ತರದಿದ್ದರೆ ಯಾಜಕಕಾಂಡದ 17ನೇ ಅಧ್ಯಾಯ ನೇರವಾಗಿ ಹೇಳುತ್ತದೆ: ಅವನು ರಕ್ತ ಸುರಿಸಿದವನು. ಆಗ ಮಾಂಸದೂಟವೂ ಪೂಜೆಯೂ ಬೇರೆ ಬೇರೆ ಆಗಿರಲಿಲ್ಲ, ಹಿಂದಿನ ಕಾಲದ ಪಂಡಿತ ರಬ್ಬಿ ಇಷ್ಮಾಯೇಲ್ ಇದನ್ನು ಓದುವುದು ಹಾಗೇ. ಸಮಾಧಾನದ ಬಲಿಯಲ್ಲಿ ರಕ್ತ ಬಲಿ ಕೊಡುವ ವೇದಿಕೆಗೆ, ಕೊಬ್ಬು ಬೆಂಕಿಗೆ, ಎದೆ ಮತ್ತು ಬಲತೊಡೆ ಯಾಜಕರಿಗೆ. ಉಳಿದದ್ದನ್ನು ತಂದವನ ಮನೆಯವರೇ ಕೂತು ಉಣ್ಣುತ್ತಿದ್ದರು. ನಮ್ಮಲ್ಲಿ ದೈವಕ್ಕೆ ಹರಕೆ ಕೋಳಿ ಕೊಟ್ಟು ಆಮೇಲೆ ಎಲ್ಲರೂ ಉಣ್ಣುವುದನ್ನು ನೋಡಿದವರಿಗೆ ಇದು ತೀರಾ ಹೊಸದೇನಲ್ಲ. "ಬಲಿ" ಅಂದ ಕೂಡಲೇ ಎಲ್ಲವನ್ನೂ ಸುಟ್ಟು ಬೂದಿ ಮಾಡಿದರು ಅಂತ ಹಲವರು ತಿಳಿಯುತ್ತಾರೆ. ಪೂರ್ತಿ ಸುಡುವ ಬಲಿ ಬೇರೆಯೇ ಇತ್ತು.

ಸ್ವಂತ ನಾಡು ಸೇರಿ, ಊರು ದೇವಾಲಯದಿಂದ ದೂರವಾದಾಗ ನಿಯಮ ಸಡಿಲವಾಯಿತು. ಧರ್ಮೋಪದೇಶಕಾಂಡದ 12ನೇ ಅಧ್ಯಾಯ: ನಿನಗೆ ಮಾಂಸ ತಿನ್ನುವ ಆಸೆಯಾದರೆ ನಿನ್ನೂರಲ್ಲೇ ಕೊಯ್ದು ತಿನ್ನಬಹುದು. ಹೀಬ್ರೂವಿನಲ್ಲಿ ಇದಕ್ಕೆ "ಬಸರ್ ತಾಅವಾ" ಅನ್ನುತ್ತಾರೆ, ಆಸೆಯ ಮಾಂಸ. ಆ ಪದವನ್ನು ಅಜ್ಜ ಎರಡೆರಡು ಸಲ ಓದಿಸಿದ್ದರು. ಅಲ್ಲಿ ಹಸಿವು ಅಂತಿಲ್ಲ, ಅಗತ್ಯ ಅಂತಿಲ್ಲ, ಆಸೆ ಅಂತಿದೆ. ಅದೇ "ತಾಅವಾ" ಅರಣ್ಯಕಾಂಡದಲ್ಲೂ ಬರುತ್ತದೆ. ದೇವರು ಮರುಭೂಮಿಯಲ್ಲಿ ಕೊಟ್ಟ ಮನ್ನಾ ಅನ್ನುವ ಆಹಾರ ತಿಂದು ಬೇಜಾರಾಗಿ ಮಾಂಸ ಬೇಕು ಅಂತ ಅತ್ತವರಿಗೆ ಲಾವಕ್ಕಿಗಳು ರಾಶಿ ರಾಶಿ ಬಂದು ಬಿದ್ದವು. ಬಾಯಲ್ಲಿ ಮಾಂಸ ಇರುವಾಗಲೇ ವ್ಯಾಧಿ ಬಂತು. ಸತ್ತವರನ್ನು ಹೂಳಿದ ಜಾಗಕ್ಕೆ ಕಿಬ್ರೋತ್ ಹತಾವಾ ಅಂತ ಹೆಸರಾಯಿತು. ಆಸೆಯ ಗೋರಿಗಳು ಅಂತ ಅರ್ಥ.

ಇನ್ನು ಅಡುಗೆಮನೆಗೆ ಬನ್ನಿ. ನನಗೆ ತೋರಾ ಅರ್ಥವಾಗಿದ್ದು ಅಲ್ಲೇ ಜಾಸ್ತಿ.

ಕೆಲಸಕ್ಕೆ ಸೇರಿದ ಎರಡನೇ ವಾರ, ಶುಕ್ರವಾರ ಮಧ್ಯಾಹ್ನ. ಕೋಳಿ ಸೂಪ್ ಕುದಿಯುತ್ತಿತ್ತು. ಒಲೆ ಹಚ್ಚುವುದಕ್ಕೆ ಮಾತ್ರ ಅಜ್ಜಿ ಕುರ್ಚಿ ತಳ್ಳಿಸಿಕೊಂಡು ಬಂದು ತಾವೇ ಒಲೆಯ ಗುಂಡಿ ತಿರುಗಿಸುತ್ತಿದ್ದರು. ಯೆಹೂದಿಯೊಬ್ಬರು ಬೆಂಕಿ ಹಚ್ಚಿದರೆ ಉಳಿದದ್ದನ್ನು ನಾನು ಮಾಡಬಹುದು ಅನ್ನುವುದು ಅವರ ಮನೆಯ ಪದ್ಧತಿ. ನಾನು ಕೈಗೆ ಸಿಕ್ಕ ಸೌಟು ತೆಗೆದು ಸೂಪ್ ತಿರುವಿದೆ. ನೀಲಿ ಹಿಡಿಕೆಯ ಸೌಟು. ಆ ಮನೆಯಲ್ಲಿ ಹಾಲು, ಮಾಂಸ ಎರಡೂ ಸೇರುವ ಹಾಗಿಲ್ಲ, ಸೌಟುಗಳೂ ಬೇರೆ ಬೇರೆ: ನೀಲಿ ಅಂದರೆ ಹಾಲಿನದು, ಕೆಂಪು ಅಂದರೆ ಮಾಂಸದ್ದು. ಅಜ್ಜಿ ಕೂಗಿದ್ದು ಮೂರನೇ ಮಹಡಿಗೂ ಕೇಳಿರಬೇಕು.

ತಕ್ಷಣ ರಬ್ಬಿಗೆ ಫೋನ್. ಅವರು ಕೇಳಿದ್ದು ಎರಡೇ ಪ್ರಶ್ನೆ. ಆ ಸೌಟನ್ನು 24 ಗಂಟೆಯೊಳಗೆ ಬಿಸಿ ಹಾಲಿನ ಪದಾರ್ಥಕ್ಕೆ ಹಾಕಿದ್ದಿರಾ? ಸೂಪ್ ಎಷ್ಟಿದೆ, ಸೌಟು ಎಷ್ಟು ಮುಳುಗಿದೆ? ಎರಡು ದಿನದ ಹಿಂದೆ ತಣ್ಣನೆ ಮೊಸರಿಗೆ ಬಳಸಿದ್ದು ಅಷ್ಟೇ. ಸೂಪ್ ತಿನ್ನಬಹುದು ಅಂದರು. ಸೌಟನ್ನು ಒಂದು ದಿನ ಎತ್ತಿಟ್ಟು ಆಮೇಲೆ ಕುದಿಯುವ ನೀರಿನಲ್ಲಿ ಅದ್ದಬೇಕು. ನನಗೋ ಕೈಕಾಲು ನಡುಕ. ಆದರೂ ತಡೆಯಲಾರದೆ ಕೇಳಿದೆ, "ಕೋಳಿ ಹಾಲೇ ಕೊಡುವುದಿಲ್ಲ ಅಲ್ವಾ?"

ಅಜ್ಜ ಜೋರಾಗಿ ನಕ್ಕು ತಾಲ್ಮುದ್ ತೆಗೆದರು, ಹಳೆಯ ರಬ್ಬಿಗಳ ಚರ್ಚೆಗಳ ಸಂಗ್ರಹ ಅದು. ತೋರಾದಲ್ಲಿ ಇರುವುದು "ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ" ಅನ್ನುವ ಒಂದೇ ಮಾತು. ಅದು ಮೂರು ಕಡೆ ಬರುತ್ತದೆ. ಕಾರಣವನ್ನು ಎಲ್ಲೂ ಹೇಳಿಲ್ಲ. ಗಲಿಲಾಯದ ರಬ್ಬಿ ಯೋಸೆಯ ಊರಲ್ಲಿ ಕೋಳಿಯನ್ನು ಹಾಲಿನ ಜೊತೆ ತಿನ್ನುತ್ತಿದ್ದರಂತೆ, ಕೋಳಿಗೆ ತಾಯಿಹಾಲು ಇಲ್ಲವಲ್ಲ ಅಂತ. ಆಮೇಲಿನ ರಬ್ಬಿಗಳು ಬೇಲಿಯನ್ನು ಇನ್ನಷ್ಟು ಹೊರಗೆ ಕಟ್ಟಿದರು. ಅಜ್ಜನ ಓದು ಹೀಗಿತ್ತು: ಮರಿಗೆ ಜೀವ ಕೊಟ್ಟ ಹಾಲೇ ಅದನ್ನು ಬೇಯಿಸುವ ನೀರಾಗಬಾರದು. ಅದಕ್ಕೆ ಜೊತೆಯಾಗಿ ಅವರು ಇನ್ನೆರಡು ನಿಯಮ ತೋರಿಸುತ್ತಿದ್ದರು. ತಾಯಿ ಮತ್ತು ಮರಿಯನ್ನು ಒಂದೇ ದಿನ ಕೊಯ್ಯಬೇಡ. ಗೂಡಿನಿಂದ ಮೊಟ್ಟೆ ಅಥವಾ ಮರಿ ತೆಗೆಯುವುದಾದರೆ ಮೊದಲು ತಾಯಿಹಕ್ಕಿಯನ್ನು ಹಾರಿಬಿಡು. 12ನೇ ಶತಮಾನದ ಯೆಹೂದಿ ಪಂಡಿತ ಮೈಮೋನಿಡೀಸ್ ಇದಕ್ಕೆ ಬರೆದ ವಿವರಣೆ ನನಗೆ ಬಹಳ ಇಷ್ಟ. ಮರಿಯ ಮೇಲಿನ ತಾಯಿಪ್ರೀತಿಯಲ್ಲಿ ಮನುಷ್ಯನಿಗೂ ಪ್ರಾಣಿಗೂ ವ್ಯತ್ಯಾಸವಿಲ್ಲ, ಯಾಕೆಂದರೆ ಆ ಪ್ರೀತಿ ಬುದ್ಧಿಯಿಂದ ಬರುವುದಲ್ಲ ಅನ್ನುತ್ತಾನೆ.

ಕೊಯ್ಯುವ ಕ್ರಮಕ್ಕೆ ಶೆಹಿತಾ ಅಂತ ಹೆಸರು, ಕೊಯ್ಯುವವನು ಶೋಹೆತ್. ಅವನು ಚಾಕುವಿನ ಅಂಚನ್ನು ಬೆರಳಿನ ಮೇಲೂ ಉಗುರಿನ ಮೇಲೂ ಹಾಯಿಸಿ ನೋಡುತ್ತಾನೆ. ಉಗುರಿಗೆ ತಾಗುವಷ್ಟು ಸಣ್ಣ ಕಚ್ಚು ಇದ್ದರೂ ಕೊಯ್ಯುವ ಹಾಗಿಲ್ಲ. ನಡುವೆ ನಿಲ್ಲಿಸಬಾರದು, ಒತ್ತಬಾರದು. ಆಮೇಲೆ ಮಾಂಸವನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಒಂದು ಗಂಟೆ ಉಪ್ಪು ಹಚ್ಚಿಟ್ಟು ರಕ್ತ ಇಳಿಸಿ, ಮೂರು ಸಲ ತೊಳೆಯುತ್ತಾರೆ. ಈಗ ಇದೆಲ್ಲ ಅಂಗಡಿಯಲ್ಲೇ ಮುಗಿದಿರುತ್ತದೆ. ಅಜ್ಜಿ ಚಿಕ್ಕವರಿದ್ದಾಗ ಅವರಮ್ಮ ಮನೆಯಲ್ಲೇ ಓರೆ ಹಲಗೆ ಇಟ್ಟು ಉಪ್ಪು ಹಚ್ಚುತ್ತಿದ್ದರಂತೆ. "ರಕ್ತ ಹರಿದು ಹೋಗುವುದನ್ನು ನೋಡಿ ನೋಡಿ ಮಕ್ಕಳು ಕೋಳಿ ಕೇಳುವುದನ್ನೇ ಕಡಿಮೆ ಮಾಡುತ್ತಿದ್ದೆವು" ಅನ್ನುತ್ತಿದ್ದರು.

ಯುರೋಪಿನಲ್ಲಿ ಈ ಕ್ರಮದ ಬಗ್ಗೆ ದೊಡ್ಡ ಜಗಳವೇ ಇದೆ. ಪ್ರಾಣಿಯ ಪ್ರಜ್ಞೆ ತಪ್ಪಿಸದೆ ಕೊಯ್ಯುವುದನ್ನು ಬೆಲ್ಜಿಯಂನ ಫ್ಲಾಂಡರ್ಸ್ ಮತ್ತು ವಲೋನಿಯಾ 2019ರಲ್ಲಿ ನಿಲ್ಲಿಸಿದವು. 2024ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹರಿತ ಚಾಕುವೇ ಕರುಣೆ ಅನ್ನುತ್ತದೆ ಸಂಪ್ರದಾಯ, ಅಷ್ಟು ಸಾಲದು ಅನ್ನುತ್ತದೆ ಕಾನೂನು. ಅದನ್ನು ಬಿಡಿಸಲು ಹೋದರೆ ಈ ಉತ್ತರ ಮುಗಿಯುವುದಿಲ್ಲ.

ಬಲಿಯ ವಿಷಯಕ್ಕೆ ಬರುತ್ತೇನೆ. ಕ್ರಿ.ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯ ಕೆಡವಿದರು. ಬಲಿ ಅಲ್ಲಿಗೇ ನಿಂತಿತು, ಬೇರೆ ಜಾಗದಲ್ಲಿ ಕೊಡುವ ಹಾಗಿಲ್ಲ. ಅದರ ಜಾಗಕ್ಕೆ ಬಂದದ್ದು ಪ್ರಾರ್ಥನೆ. ಬೆಳಗಿನ ಮತ್ತು ಮಧ್ಯಾಹ್ನದ ಪ್ರಾರ್ಥನೆಗಳು ದಿನವೂ ಕೊಡುತ್ತಿದ್ದ ಎರಡು ಬಲಿಗಳ ಲೆಕ್ಕಕ್ಕೆ ಹೊಂದುತ್ತವೆ. ಹೋರಿಗಳ ಬದಲು ತುಟಿಗಳ ಮಾತು ಅರ್ಪಿಸುತ್ತೇವೆ ಅನ್ನುವ ಹೋಶೇಯ ಪ್ರವಾದಿಯ ವಚನ ಅವರಿಗೆ ಆಧಾರ. ಪ್ರವಾದಿಗಳಂತೂ ದೇವಾಲಯ ಇದ್ದಾಗಲೇ ಬೈದಿದ್ದರು. ಟಗರುಗಳ ಹೋಮ ನನಗೆ ಸಾಕಾಗಿದೆ, ನಿಮ್ಮ ಕೈ ರಕ್ತದಿಂದ ತುಂಬಿದೆ ಅಂತ ಯೆಶಾಯನ ಮೊದಲ ಅಧ್ಯಾಯದಲ್ಲೇ ದೇವರು ಹೇಳುತ್ತಾನೆ. ಮೈಮೋನಿಡೀಸ್ ಪ್ರಕಾರ ಬಲಿ ಅನ್ನುವುದೇ ಆ ಕಾಲದ ಜನರ ರೂಢಿಗೆ ದೇವರು ಕೊಟ್ಟ ವಿನಾಯಿತಿ, ಒಮ್ಮೆಲೇ ಬಿಡಿಸಿದ್ದರೆ ಅವರು ಬಿಡುತ್ತಿರಲಿಲ್ಲ. ಅವನ ನಂತರದ ಇನ್ನೊಬ್ಬ ಪಂಡಿತ ನಹ್ಮನಿಡೀಸ್ ಇದಕ್ಕೆ ಸಿಟ್ಟಾದ. ಹಾಗಾದರೆ ವಿಗ್ರಹ ಪೂಜಿಸುವ ಒಬ್ಬನೂ ಇಲ್ಲದಾಗ ನೋಹ ಬಲಿ ಕೊಟ್ಟದ್ದು ಯಾಕೆ ಅಂತ ಕೇಳಿದ. ಒಳ್ಳೆಯ ಪ್ರಶ್ನೆಯೇ. ಸಂಪ್ರದಾಯಸ್ಥರು ಇಂದಿಗೂ ದೇವಾಲಯದ ಸೇವೆ ಮತ್ತೆ ಬರಲಿ ಅಂತ ದಿನಾ ಬೇಡುತ್ತಾರೆ. ಆದ್ದರಿಂದ "ಅದೆಲ್ಲ ಹಳೇ ಕಥೆ" ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ.

ಮನೆಯಲ್ಲಿ ವೇದಿಕೆಯ ಜಾಗ ಹಿಡಿದದ್ದು ಊಟದ ಮೇಜು. ಶುಕ್ರವಾರ ರಾತ್ರಿ ಅಜ್ಜ ರೊಟ್ಟಿ ಮುರಿದು ಉಪ್ಪಿಗೆ ಅದ್ದುತ್ತಿದ್ದರು, ಪ್ರತಿ ಬಲಿಗೂ ಉಪ್ಪು ಹಾಕು ಅಂತ ಯಾಜಕಕಾಂಡ ಹೇಳುವುದರಿಂದ. ಊಟ ಮುಗಿದು ಧನ್ಯವಾದದ ಪ್ರಾರ್ಥನೆ ಶುರುವಾಗುವ ಮೊದಲು ಅಜ್ಜಿ ಚಾಕುವಿನ ಮೇಲೆ ಬಟ್ಟೆ ಮುಚ್ಚುತ್ತಿದ್ದರು. ಮೊದಮೊದಲು ನಾನು ಮಕ್ಕಳ ಕೈಗೆ ಸಿಗದಿರಲಿ ಅಂತ ಅಂದುಕೊಂಡಿದ್ದೆ. ವೇದಿಕೆಯ ಕಲ್ಲಿಗೆ ಕಬ್ಬಿಣ ತಾಗಬಾರದು ಅನ್ನುವ ತೋರಾದ ಮಾತು ಅದು. ಕಬ್ಬಿಣ ಆಯಸ್ಸು ಕಡಿಮೆ ಮಾಡುತ್ತದೆ, ವೇದಿಕೆ ಆಯಸ್ಸು ಹೆಚ್ಚಿಸುತ್ತದೆ. ಕೋಳಿಯನ್ನು ಕತ್ತರಿಸಿದ ಚಾಕುವನ್ನು ದೇವರ ಹೆಸರು ಎತ್ತುವ ಮುಂಚೆ ಮುಚ್ಚಿಡುವುದು! ನಾನು ಮೇಲೆ ಹೇಳಿದ ಒಪ್ಪಿಗೆ ಇದೇ ಥರದ್ದು.

ತಾಲ್ಮುದ್‌ನಲ್ಲಿ ಒಂದು ಕರುವಿನ ಕಥೆ ಇದೆ. ಕೊಯ್ಯಲು ಒಯ್ಯುತ್ತಿದ್ದ ಕರು ಓಡಿಬಂದು ರಬ್ಬಿ ಯೆಹೂದಾ ಹನಾಸಿಯ ನಿಲುವಂಗಿಯಲ್ಲಿ ತಲೆ ಹುದುಗಿಸಿ ಅತ್ತಿತಂತೆ. ಆತ "ಹೋಗು, ನೀನು ಹುಟ್ಟಿದ್ದೇ ಅದಕ್ಕೆ" ಅಂದ. ಕನಿಕರ ಇಲ್ಲದವನಿಗೆ ನೋವು ಬರಲಿ ಅಂತ ಮೇಲಿಂದ ತೀರ್ಪಾಯಿತು. 13 ವರ್ಷ ಆತ ನರಳಿದ. ಒಂದು ದಿನ ಮನೆಯ ಕೆಲಸದವಳು ಮುಂಗುಸಿಯಂಥ ಪ್ರಾಣಿಯ ಮರಿಗಳನ್ನು ಗುಡಿಸಿ ಹೊರಗೆ ಹಾಕುತ್ತಿದ್ದಾಗ "ಬಿಡು, ಆತನ ಕರುಣೆ ಎಲ್ಲ ಸೃಷ್ಟಿಯ ಮೇಲೂ ಇದೆ ಅಂತ ಬರೆದಿದೆ" ಅಂದ. ನೋವು ಹೋಯಿತು. ಗಮನಿಸಿ, ಕರುವನ್ನು ಕೊಯ್ಯುವುದು ಕಾನೂನಿಗೆ ವಿರುದ್ಧ ಅಲ್ಲ. ಆತ ಹೇಳಿದ್ದು ತಪ್ಪೂ ಅಲ್ಲ. ಹೇಳಿದ ರೀತಿಗೆ ಶಿಕ್ಷೆ.

ಇದನ್ನೆಲ್ಲ ಓದಿ ಯೆಹೂದಿಗಳ ಮಾಂಸವೆಲ್ಲ ಕರುಣೆಯಿಂದ ತುಂಬಿದೆ ಅಂದುಕೊಂಡರೆ ಅದೂ ಸರಿಯಲ್ಲ. ಪಾಪಗಳ ಪ್ರಾಯಶ್ಚಿತ್ತದ ಯೋಮ್ ಕಿಪ್ಪುರ್ ಹಬ್ಬದ ಮುಂಚಿನ ದಿನಗಳಲ್ಲಿ ನಮ್ಮ ಬೀದಿಗೆ ಬಿಳಿ ಕೋಳಿಗಳ ಪ್ಲಾಸ್ಟಿಕ್ ಪೆಟ್ಟಿಗೆಗಳು ಬರುತ್ತಿದ್ದವು, ಒಂದರ ಮೇಲೊಂದು ಪೇರಿಸಿ, ಬಿಸಿಲಲ್ಲಿ. ಕೋಳಿಯನ್ನು ತಲೆಯ ಸುತ್ತ ಮೂರು ಸಲ ತಿರುಗಿಸಿ ಕೊಯ್ಯುವ ಕಪ್ಪರೋತ್ ಅನ್ನುವ ಆಚರಣೆ. ಯೆಹೂದಿ ಕಾನೂನಿನ ದೊಡ್ಡ ಸಂಗ್ರಹ ಬರೆದ ಯೋಸೆಫ್ ಕಾರೋ 16ನೇ ಶತಮಾನದಲ್ಲೇ ಇದು ಬೇಡ ಅಂದಿದ್ದ. ನಿಂತಿಲ್ಲ. ನಮ್ಮ ಅಜ್ಜ ಕರವಸ್ತ್ರದಲ್ಲಿ ದುಡ್ಡು ಕಟ್ಟಿ ತಿರುಗಿಸಿ ಬಡವರಿಗೆ ಕೊಡುತ್ತಿದ್ದರು, ಅದಕ್ಕೂ ಅವಕಾಶ ಇದೆ. ಇನ್ನು ಕೋಷರ್ ಮುದ್ರೆ, ಅಂದರೆ ಯೆಹೂದಿ ನಿಯಮದಂತೆ ತಿನ್ನಬಹುದು ಅನ್ನುವ ಗುರುತು, ಕೋಳಿ ಹೇಗೆ ಸತ್ತಿತು ಅಂತ ಹೇಳುತ್ತದೆ, ಹೇಗೆ ಬದುಕಿತ್ತು ಅಂತ ಹೇಳುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಸಸ್ಯಾಹಾರಿ ಯೆಹೂದಿ? ಬೇಕಾದಷ್ಟು ಜನ. ಬ್ರಿಟಿಷರ ಕಾಲದ ಪ್ಯಾಲೆಸ್ತೀನಿನಲ್ಲಿ ಅಶ್ಕೆನಾಜಿಗಳ (ಯುರೋಪ್ ಮೂಲದ ಯೆಹೂದಿಗಳ) ಮೊದಲ ಮುಖ್ಯ ರಬ್ಬಿ ಆಗಿದ್ದ ಅಬ್ರಹಾಂ ಐಸಾಕ್ ಕೂಕ್ (1865–1935) ಮಾಂಸದ ಒಪ್ಪಿಗೆ ತಾತ್ಕಾಲಿಕ, ಕೊನೆಗೊಂದು ದಿನ ಮನುಷ್ಯ ಆದಾಮನ ಊಟಕ್ಕೆ ಮರಳುತ್ತಾನೆ ಅಂತ ಬರೆದರು. ಮುಂದಿನ ದೇವಾಲಯದಲ್ಲಿ ಧಾನ್ಯದ ನೈವೇದ್ಯ ಮಾತ್ರ ಇರುತ್ತದೆ ಅಂತಲೂ ಹೇಳಿದರು. ಆದರೆ ಮನುಷ್ಯ ಮನುಷ್ಯನನ್ನೇ ಸರಿಯಾಗಿ ನೋಡಿಕೊಳ್ಳದಿರುವಾಗ ಎಲ್ಲರ ಮೇಲೂ ಇದನ್ನು ಹೇರಬಾರದು ಅಂದರು. ತಾವೂ ಪೂರ್ತಿ ಬಿಡಲಿಲ್ಲ.

ನಾನಿದ್ದ ಮನೆಯ ಮೊಮ್ಮಗಳು ಮಾಂಸ ಬಿಟ್ಟಿದ್ದಳು. ಪಸ್ಕ ಹಬ್ಬದ ತಟ್ಟೆಯಲ್ಲಿ ಹಳೆಯ ಕುರಿಮರಿ ಬಲಿಯ ನೆನಪಿಗೆ ಒಂದು ಸುಟ್ಟ ಮೂಳೆ ಇಡಬೇಕು. ಅವಳು ಒಂದು ವರ್ಷ ತನ್ನ ತಟ್ಟೆಯಲ್ಲಿ ಬೇಯಿಸಿದ ಬೀಟ್‌ರೂಟ್ ಇಟ್ಟಳು. ಅಜ್ಜಿ ಮುಖ ಊದಿಸಿದರು. ಅಜ್ಜ ಮಾತಾಡದೆ ಎದ್ದು ತಾಲ್ಮುದ್‌ನ ಪೆಸಾಹೀಮ್ ಸಂಪುಟ ತಂದು ಪುಟ ತೆರೆದು ಅಜ್ಜಿಯ ಮುಂದೆ ಇಟ್ಟರು. ಆ ರಾತ್ರಿ ಇಡಬೇಕಾದ ಎರಡು ಬೇಯಿಸಿದ ಪದಾರ್ಥ ಯಾವುವು ಅಂತ ಅಲ್ಲಿ ಚರ್ಚೆ ನಡೆಯುತ್ತದೆ. ರಬ್ಬಿ ಹೂನಾ ಹೇಳುತ್ತಾನೆ: ಬೀಟ್ ಮತ್ತು ಅನ್ನ. ಅಜ್ಜಿ ಕನ್ನಡಕ ಹಾಕಿಕೊಂಡು ಓದಿದರು, ಮತ್ತೊಮ್ಮೆ ಓದಿದರು. "ಅನ್ನ ಈ ಮನೆಗೆ ಬರುವ ಹಾಗಿಲ್ಲ" ಅಂದರು. ಅಶ್ಕೆನಾಜಿಗಳು ಪಸ್ಕದ ವಾರ ಅನ್ನ ತಿನ್ನುವುದಿಲ್ಲ. ಬೀಟ್‌ರೂಟ್ ತಟ್ಟೆಯಲ್ಲೇ ಉಳಿಯಿತು.