ಬಾಯಿ ಕ್ಯಾನ್ಸರ್‌ಗೆ ರೇಡಿಯೇಷನ್: ಮುಂಬೈಗೇ ಹೋಗಬೇಕಾ?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರ. ಅಪ್ಪ ಅಡಿಕೆ ಕೃಷಿಕರು. ಕೆನ್ನೆಯ ಒಳಗಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಎರಡು ವಾರವಾಯಿತು. ಇನ್ನು 30 ಸಲ ಕರೆಂಟ್ (ರೇಡಿಯೇಷನ್) ಕೊಡಿಸಬೇಕಂತೆ. ಮಂಗಳೂರಿನ ಒಂದು ಸಣ್ಣ ಕೇಂದ್ರದಲ್ಲಿ ಐಎಂಆರ್‌ಟಿ ಎಂಬ ಹೊಸ ಬಗೆಯ ರೇಡಿಯೇಷನ್ ಇದೆ. ನೆಂಟರು ಮುಂಬೈಗೇ ಹೋಗಿ ಎನ್ನುತ್ತಾರೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರೆ, ಅವರಿಗೆ ತೊಂದರೆ ಇಲ್ಲವಾ?

ಉತ್ತರ: ಮಕ್ಕಳಿಗೆ ಏನೂ ಆಗುವುದಿಲ್ಲ. ಯಂತ್ರ ನಿಂತ ಕೂಡಲೇ ಕಿರಣವೂ ನಿಲ್ಲುತ್ತದೆ, ಮೈಯಲ್ಲಿ ಉಳಿಯುವುದಿಲ್ಲ. ಮೊಮ್ಮಕ್ಕಳು ಅಜ್ಜನ ಮಡಿಲಲ್ಲಿ ಧಾರಾಳವಾಗಿ ಕೂರಲಿ.

ನನ್ನ ಸಲಹೆ ಮಂಗಳೂರು. ಆಪರೇಷನ್ ಒಂದು ದಿನದ ಕೆಲಸ, ರೇಡಿಯೇಷನ್ ಹಾಗಲ್ಲ. ವಾರಕ್ಕೆ ಐದು ದಿನದಂತೆ ಆರು ವಾರ. ಬಾಯಿ, ಗಂಟಲಿನ ಕ್ಯಾನ್ಸರ್‌ನಲ್ಲಿ ನಡುವೆ ದಿನ ತಪ್ಪಿದರೆ ಉಳಿದ ಕ್ಯಾನ್ಸರ್ ಜೀವಕೋಶಗಳು ಮತ್ತೆ ಬೆಳೆಯುತ್ತವೆ. ಚಿಕಿತ್ಸೆ ಒಂದೊಂದು ದಿನ ಉದ್ದವಾದಾಗಲೂ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ಇಳಿಯುತ್ತದೆ. ಆಪರೇಷನ್ ಆಗಿ ಆರು ವಾರದೊಳಗೆ ಶುರುವಾಗುವುದು ಒಳ್ಳೆಯದು. ನಿಮಗಿರುವುದು ನಾಲ್ಕೇ ವಾರ. ದೂರದ ಊರಿನಲ್ಲಿ ಸರದಿ ಕಾಯುತ್ತಾ, ರೂಮು ಹುಡುಕುತ್ತಾ ಅದನ್ನು ಕಳೆಯಬೇಡಿ.

ಕೇಂದ್ರ ಸಣ್ಣದು ಎಂಬ ಅಳುಕು ಬೇಡ, ಯಂತ್ರ ಮತ್ತು ತಂಡ ನೋಡಿ. ಐಎಂಆರ್‌ಟಿಯಲ್ಲಿ ಲೋಹದ ತೆಳು ಪಟ್ಟಿಗಳು ಸರಿದಾಡುತ್ತಾ ಕಿರಣಕ್ಕೆ ಗಡ್ಡೆಯ ಜಾಗದ ಆಕಾರ ಕೊಡುತ್ತವೆ. ಹಾಗಾಗಿ ಜೊಲ್ಲಿನ ಗ್ರಂಥಿಗೆ ಬೀಳುವ ಪ್ರಮಾಣ ಕಡಿಮೆ. ಗಂಟಲ ಕ್ಯಾನ್ಸರ್ ರೋಗಿಗಳ ಮೇಲೆ ಬ್ರಿಟನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಬಾಯಿ ಒಣಗುವ ತೊಂದರೆ ಹಳೆ ವಿಧಾನದವರಲ್ಲಿ ಶೇ 74, ಐಎಂಆರ್‌ಟಿಯವರಲ್ಲಿ ಶೇ 38 ಇತ್ತು. ಗಂಜಿ ನುಂಗಲೂ ನೀರು ಬೇಕಾಗುವ ಪಾಡು ಕಂಡವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು.

ಅಲ್ಲಿ ಇಷ್ಟು ಕೇಳಿ: ಮೆಡಿಕಲ್ ಫಿಸಿಸಿಸ್ಟ್ (ಕಿರಣದ ಲೆಕ್ಕ, ಯಂತ್ರದ ಅಳತೆ ನೋಡುವ ತಜ್ಞರು) ಅಲ್ಲೇ ಇರುತ್ತಾರಾ? ಮೊದಲ ದಿನಕ್ಕೆ ಮುಂಚೆ ಅಪ್ಪನ ಚಿಕಿತ್ಸೆಯ ಪ್ಲಾನನ್ನು ಯಂತ್ರದಲ್ಲಿ ಅಳೆದು ನೋಡುತ್ತಾರಾ? ಯಂತ್ರ ಕೆಟ್ಟರೆ ಆ ದಿನದ ಡೋಸ್ ಹೇಗೆ ತುಂಬಿಸುತ್ತಾರೆ? ಕೇರಳದ ಆರೋಗ್ಯ ಕಾರ್ಡ್ ನಡೆಯುತ್ತದಾ ಎಂಬುದನ್ನೂ ಮೊದಲೇ ವಿಚಾರಿಸಿ. ನಡೆಯದಿದ್ದರೆ ಕೇರಳದಲ್ಲೇ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ, ಆದರೆ ಅಲ್ಲೇ ಉಳಿಯಬೇಕಾದೀತು.

ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಹಾಳಾದ ಹಲ್ಲನ್ನು ಈಗಲೇ ಕೀಳಿಸಿದರೆ ಗಾಯ ಮಾಗಲು ಸಮಯವಿದೆ. ರೇಡಿಯೇಷನ್ ಆದ ಮೇಲೆ ಕಿತ್ತರೆ ದವಡೆ ಮೂಳೆ ಮಾಗದೆ ಕೊಳೆಯುವ ಅಪಾಯವಿದೆ.

ಎರಡನೇ ವಾರದಿಂದ ಬಾಯಿ ಹುಣ್ಣಾಗಬಹುದು. ಖಾರ, ಉಪ್ಪಿನಕಾಯಿ ಬಿಟ್ಟು ಮೆತ್ತಗಿನ ಗಂಜಿ, ಮೊಸರು, ಮೊಟ್ಟೆ ಕೊಡಿ. ತೂಕ ಇಳಿದರೆ, ತಲೆ ಅಲುಗದಂತೆ ಹಿಡಿಯುವ ಮುಖದ ಮಾಸ್ಕ್ ಸಡಿಲವಾಗಿ ಕಿರಣದ ಗುರಿ ತಪ್ಪಬಹುದು. ನುಂಗಲು ಆಗದಿದ್ದರೆ ಮೂಗಿನ ಮೂಲಕ ಆಹಾರ ಕೊಡುವ ನಳಿಕೆಗೆ ಹೆದರಬೇಡಿ, ಅದು ಕೆಲವೇ ವಾರದ ಮಾತು.

ಎಲೆಅಡಿಕೆ ಪೂರ್ತಿ ನಿಲ್ಲಬೇಕು, ತಂಬಾಕು ಇಲ್ಲದಿದ್ದರೂ. ಅಡಿಕೆಯೇ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತವಾಗಿದೆ. ತೋಟ ನಂಬಿದ ಮನೆಯಲ್ಲಿ ಇದನ್ನು ಹೇಳುವುದು ಕಷ್ಟ, ಬಲ್ಲೆ. ಆದರೂ ಅಪ್ಪನಿಗೆ ನೀವೇ ಹೇಳಿ, ನಿಮ್ಮ ಮಾತು ಕೇಳಿಯಾರು.