ಮೊಣಕಾಲಿನ ಎಸಿಎಲ್ (ಒಳಗಿನ ಲಿಗಮೆಂಟ್) ಸರ್ಜರಿ ಆಗಿ ಏಳು ತಿಂಗಳು, ಕುಮಾರ ಪರ್ವತ ಹತ್ತಬಹುದಾ?

ಹತ್ತಬಹುದು. ಆದರೆ ಇಳಿಯುವ ಬಗ್ಗೆ ನೀವು ಕೇಳೇ ಇಲ್ಲ. ಸೋಮವಾರಪೇಟೆ ಕಡೆಯಿಂದ ಹತ್ತಿ ಕುಕ್ಕೆಗೆ ಇಳಿದರೆ ಮೊಣಕಾಲಿಗೆ ಸುಲಭ ಅಂತ ಗೆಳೆಯರು ಹೇಳಿದ್ದಾರೆ, ಯಾವ ನೀ ಕ್ಯಾಪ್ ತಗೊಳ್ಳಲಿ ಅಂತ ಬರೆದಿದ್ದೀರಿ. ನಾನೂ ಹೀಗೇ ಲೆಕ್ಕ ಹಾಕಿದ್ದೆ. ಹತ್ತೋದು ಕಷ್ಟ, ಇಳಿಯೋದು ಸುಲಭ ಅಂತ.

ನನ್ನ ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ. ವಾಲಿಬಾಲ್ ಆಡುವಾಗ ನೆಟ್ ಹತ್ತಿರ ಹಾರಿ ಕೆಳಗೆ ಬಂದೆ, ಎಡಗಾಲು ತಿರುಚಿತು. ಎಂಆರ್‌ಐಗೆ ಮಂಗಳೂರಿಗೆ ಹೋಗಿ, ಅಲ್ಲೇ ಸರ್ಜರಿ. ತೊಡೆಯ ಹಿಂಬದಿಯ ಸ್ನಾಯುವಿನ ತುದಿ ತೆಗೆದು ಹೊಸ ಲಿಗಮೆಂಟ್ ಕೂರಿಸಿದರು. ಇದೆಲ್ಲ ನಿಮಗೂ ಗೊತ್ತಿರುವ ಕಥೆ.

ಊರುಗೋಲು ಹಿಡಿದಿದ್ದ ದಿನಗಳಲ್ಲಿ ಫಿಸಿಯೋ ಮೇಡಂ ಒಂದು ಪಾಠ ಹೇಳಿಕೊಟ್ಟಿದ್ದರು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ನಿಮಗೂ ಹೇಳಿರುತ್ತಾರೆ. ಊರುಗೋಲು ಬಿಟ್ಟ ಮೇಲೆ ಈ ಅಭ್ಯಾಸವನ್ನೂ ಬಿಡಬೇಕಿತ್ತು. ನಾನು ಬಿಡಲಿಲ್ಲ. ಬಿಟ್ಟಿಲ್ಲ ಅನ್ನೋದು ನನಗೆ ಗೊತ್ತೂ ಆಗಲಿಲ್ಲ.

ನಮ್ಮ ಮನೆ ಗುಡ್ಡೆಯ ಮೇಲೆ, ಅಡಿಕೆ ತೋಟ ಕೆಳಗೆ. ನಡುವೆ ಮುರಕಲ್ಲಿನ ಮೆಟ್ಟಿಲು. ದಿನಾ ಬೆಳಿಗ್ಗೆ ಸಂಜೆ ಹತ್ತಿ ಇಳಿದು ಮಾಡುತ್ತಿದ್ದೆ, ಬೆವರು ಬರುತ್ತಿತ್ತು, ಕಾಲಿಗೆ ಶಕ್ತಿ ಬರುತ್ತಿದೆ ಅಂತ ಖುಷಿ. ಆದರೆ ಒಂದೊಂದು ಮೆಟ್ಟಿಲು ಇಳಿಯುವಾಗಲೂ ಎಡಗಾಲನ್ನೇ ಮೊದಲು ಕೆಳಗೆ ಇಡುತ್ತಿದ್ದೆ. ಅಂದರೆ ಮೇಲಿನ ಮೆಟ್ಟಿಲಲ್ಲಿ ಮಡಚಿ ನಿಂತು ಇಡೀ ಮೈಭಾರವನ್ನು ನಿಧಾನವಾಗಿ ಕೆಳಗಿಳಿಸುತ್ತಿದ್ದದ್ದು ಬಲಗಾಲು. ಎಡಗಾಲು ಸುಮ್ನೆ ಹೋಗಿ ನೆಲ ಮುಟ್ಟುತ್ತಿತ್ತು, ಅಷ್ಟೆ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದ್ದು ಸರಿಯಿದ್ದ ಕಾಲಿಗೆ! ಮೆಟ್ಟಿಲ ಅಂಚಲ್ಲಿ ಪೆಟ್ಟಾದ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮೆಲ್ಲ ನೆಲಕ್ಕೆ ತಾಗಿಸಿ ಮತ್ತೆ ಏಳುವ ವ್ಯಾಯಾಮವನ್ನೂ ಮೇಡಂ ಹೇಳಿದ್ದರು. ಬೇಜಾರು ಅಂತ ಬಿಟ್ಟೆ. ಸೈಕಲ್ ತುಳಿದೆ. ಸೈಕಲ್‌ನಲ್ಲಿ ಇಳಿಯೋದೇ ಇಲ್ಲವಲ್ಲ.

ಮಳೆ ಕಡಿಮೆಯಾದ ಮೇಲೆ ಗೆಳೆಯರ ಜೊತೆ ರಾಣಿಪುರಂ ಬೆಟ್ಟಕ್ಕೆ ಹೋದೆ. ಕಾಞಂಗಾಡಿನಿಂದ ಪಾಣತ್ತೂರು ರಸ್ತೆಯಲ್ಲಿ ಹೋಗಬೇಕು. ತುದಿ ಸಾವಿರ ಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರ, ಆದರೆ ಅದರಲ್ಲಿ ಬಹುಪಾಲು ವಾಹನವೇ ಹತ್ತಿಸುತ್ತದೆ. ಆಮೇಲೆ ಕಾಡು, ಕಾಡು ಮುಗಿದ ಮೇಲೆ ಹುಲ್ಲುಗಾವಲು. ಆರಾಮವಾಗಿ ಹತ್ತಿದೆ. "ಎಂತ ಮಾರಾಯ, ನಿನ್ನ ಕಾಲು ಸರಿ ಇಲ್ಲ ಅಂದವರು ಯಾರು?" ಅಂತ ಗೆಳೆಯ ಕೇಳಿದ, ನಾನೂ ಉಬ್ಬಿದೆ.

ಗುಡ್ಡದ ದಾರಿಯಲ್ಲಿ ಮೆಟ್ಟಿಲಿಲ್ಲ. ಯಾವ ಕಾಲು ಮೊದಲು ಇಡಬೇಕು ಅಂತ ಆರಿಸಿಕೊಳ್ಳಲು ಆಗಲ್ಲ, ಒಂದು ಬಿಟ್ಟು ಒಂದು ಹೆಜ್ಜೆಗೆ ಎಡಗಾಲೇ ಭಾರ ತಡೆಯಬೇಕು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ಹಿಡಿದಿರುತ್ತದೆ, ಘಾಟಿ ಇಳಿಯುವ ಲಾರಿಗೆ ಬ್ರೇಕ್ ಇದ್ದ ಹಾಗೆ. ಅದು ಸೋತರೆ ಏಟು ನೇರ ಕೀಲಿಗೆ. ಇಳಿಯುವಾಗ ಏದುಸಿರು ಬರಲ್ಲ, ಆದ್ದರಿಂದ ಸುಸ್ತಾಗಿದೆ ಅಂತಾನೂ ತಿಳಿಯಲ್ಲ. ಹುಲ್ಲು ಮುಗಿದು ಕಾಡು ಶುರುವಾಗುವಲ್ಲಿ ತೊಡೆ ನಡುಗುತ್ತಿತ್ತು. ಒದ್ದೆ ಬೇರಿನ ಮೇಲೆ ಕಾಲಿಟ್ಟೆ, ಮೊಣಕಾಲು ಒಳಗೆ ಕುಸಿಯಿತು. ಹೊಸ ಲಿಗಮೆಂಟ್ ಉಳಿಯಿತು, ಕೀಲಿನೊಳಗೆ ಮೆತ್ತೆಯ ಹಾಗೆ ಇರುವ ಮೆನಿಸ್ಕಸ್ ಹರಿಯಿತು. ಗೆಳೆಯರ ಹೆಗಲ ಮೇಲೆ ಕೈಹಾಕಿ ಇಳಿಯುವಷ್ಟರಲ್ಲಿ ಉಂಬಳಗಳಿಗೆ ಹಬ್ಬವೋ ಹಬ್ಬ. ಆಮೇಲೆ ಮತ್ತೆ ಆಪರೇಷನ್, ಮತ್ತೆ ಊರುಗೋಲು.

ಈಗ ನಿಮ್ಮ ಪ್ಲಾನ್ ನೋಡಿ. ಕುಮಾರ ಪರ್ವತ 1712 ಮೀಟರ್. ಕುಕ್ಕೆ ಕಡೆ ಇಳಿದರೆ ಸುಮಾರು ಒಂದೂವರೆ ಸಾವಿರ ಮೀಟರ್ ಇಳಿಯಬೇಕು, ದಾರಿಯೂ ಉದ್ದ. ಸೋಮವಾರಪೇಟೆ ಕಡೆ ಎತ್ತರವೂ ದೂರವೂ ಕಡಿಮೆ. ಕಡಿಮೆ ಹತ್ತಿ ಜಾಸ್ತಿ ಇಳಿಯೋದು ಶ್ವಾಸಕೋಶಕ್ಕೆ ಸುಲಭ ಇರಬಹುದು, ಮೊಣಕಾಲಿಗೆ ಇದಕ್ಕಿಂತ ಕೆಟ್ಟ ದಾರಿ ಇಲ್ಲ. ಕುಕ್ಕೆ ದಾರಿಯಲ್ಲಿ ಸಿಗುವ ಗಿರಿಗದ್ದೆ ದಾಟಿದ ಮೇಲೆ ಕಾಡಿನೊಳಗೆ ಕಲ್ಲು, ಬೇರು. ಅಲ್ಲಿಗೆ ತಲುಪುವಾಗ ತೊಡೆ ಅರ್ಧ ಸತ್ತಿರುತ್ತದೆ.

ಏಳು ತಿಂಗಳಾಯಿತು ಅನ್ನೋದು ನನಗೆ ಉತ್ತರವಲ್ಲ. ಹಾರಿ ತಿರುಗುವ ಆಟಗಳಿಗೇ ಕನಿಷ್ಠ 9 ತಿಂಗಳು ಕಾಯಿರಿ, ಪೆಟ್ಟಾದ ಕಾಲಿಗೆ ಇನ್ನೊಂದರ 90 ಶೇಕಡಾ ಆದರೂ ಶಕ್ತಿ ಬರಲಿ ಅಂತಾರೆ. ನಿಮ್ಮ ಡಾಕ್ಟರ್ "ನಡೆಯಬಹುದು" ಅಂದದ್ದು ರಸ್ತೆಯ ನಡಿಗೆಗಾ ಬೆಟ್ಟಕ್ಕಾ, ಕೇಳಿದ್ದೀರಾ? ಇವತ್ತೇ ಕನ್ನಡಿ ಮುಂದೆ ಒಂದು ಮೆಟ್ಟಿಲಲ್ಲಿ ಆ ಕಾಲಲ್ಲಿ ನಿಂತು ನಿಧಾನ ಇಳಿದು ನೋಡಿ. ಮೊಣಕಾಲು ಒಳಗೆ ವಾಲಿದರೆ ಅಥವಾ ಕೊನೆಗೆ ದೊಪ್ಪನೆ ಬಿದ್ದರೆ ಬೆಟ್ಟದ ಮಾತೇ ಬೇಡ.

ಮೈಸೂರಿನವರು ಅಂದಿದ್ದೀರಿ, ಪುಣ್ಯವಂತರು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ಸಿಟಿ ಬಸ್ಸಲ್ಲಿ ಕೆಳಗೆ ಬನ್ನಿ. ನಾಚಿಕೆ ಏನಿಲ್ಲ. ಕೆಲವು ವಾರ ಹಾಗೆ ಮಾಡಿ ಮೇಲಿಂದ ನಂದಿಯವರೆಗೆ ಮಾತ್ರ ಇಳಿಯಿರಿ, ಅಲ್ಲಿಗೆ ರಸ್ತೆ ಇದೆ, ಯಾರಾದರೂ ಗಾಡಿ ತಂದಿರಲಿ. ಮರುದಿನ ಬೆಳಿಗ್ಗೆ ಮೊಣಕಾಲು ಊದಿದ್ದರೆ ಜಾಸ್ತಿ ಆಯಿತು ಅಂತ ಅರ್ಥ. ನೋವಿನ ಮಾತ್ರೆ ನುಂಗಿಕೊಂಡು ಹೋಗಬೇಡಿ, ಈ ಲೆಕ್ಕವೇ ಸಿಗಲ್ಲ. ನೀ ಕ್ಯಾಪ್ ದುಡ್ಡಿಗೆ ಎರಡು ಟ್ರೆಕ್ಕಿಂಗ್ ಕೋಲು ತಗೊಳ್ಳಿ, ಇಳಿಯುವಾಗ ಸ್ವಲ್ಪ ಉದ್ದ ಮಾಡಿಕೊಳ್ಳಿ. ನೀ ಕ್ಯಾಪ್ ಧೈರ್ಯ ಮಾತ್ರ ಕೊಡುತ್ತದೆ, ನನ್ನ ಕಾಲಿಗೂ ಅವತ್ತು ಒಂದಿತ್ತು.

ಗೆಳೆಯರು ಈ ಸೀಸನ್‌ಗೇ ಬುಕ್ ಮಾಡಿದ್ದಾರೆ ಅಂದಿರಲ್ಲ, ಅವರು ಹೋಗಲಿ. ನೀವು ಕುಕ್ಕೆಯಲ್ಲಿ ದೇವರ ದರ್ಶನ ಮಾಡಿ, ಊಟ ಮುಗಿಸಿ ಕಾಯುತ್ತಿರಿ. ವಾಪಸ್ ಮೈಸೂರಿಗೆ ಗಾಡಿ ಓಡಿಸಲು ಕಾಲು ನಡುಗದವರು ಒಬ್ಬರಾದರೂ ಬೇಕಲ್ಲ.